ಎಡಕ್ಕೊಂದು ಗೋಡೆ ಕೇಳಿದವರು

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಆ ಕಂಪನಿಯ ಹಳೆಯ ವಾಟ್ಸಾಪ್ ಗ್ರೂಪಿನಲ್ಲಿ ಬಂತು. ನಾನು ಆ ಕಂಪನಿಯವಳಲ್ಲ, ಅವರ ಹೊಸ ಆಫೀಸಿನ ಇಂಟೀರಿಯರ್ ಮಾಡಿದವಳು. ಕೆಲಸ ನಡೆಯುವಾಗ ಸೇರಿಸಿಕೊಂಡಿದ್ದ ಗ್ರೂಪಿನಿಂದ ನನ್ನನ್ನು ತೆಗೆದುಹಾಕಲು ಯಾರಿಗೂ ನೆನಪಾಗಲಿಲ್ಲ, ಬಿಟ್ಟು ಹೊರಡಲು ನನಗೂ ಮನಸ್ಸಾಗಲಿಲ್ಲ. ಕೈಮುಗಿದ ಚಿತ್ರಗಳ ನಡುವೆ ಎಲ್ಲರೂ ಬರೆದದ್ದು ಒಂದೇ ಮಾತು. ಎಂಥ ದೈವಭಕ್ತ ಮನುಷ್ಯ, ಆಫೀಸಿನಲ್ಲೂ ನಮಾಜು ತಪ್ಪಿಸಿದವರಲ್ಲ ಅಂತ. ಓದಿ ನನಗೆ ಮೊದಲು ನಗು ಬಂತು. ಆಮೇಲೆ ಅಡುಗೆಮನೆಯಲ್ಲಿ ಗ್ಯಾಸ್ ಆರಿಸಿ, ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ.

ನಗು ಯಾಕೆ ಬಂತು ಅಂದರೆ, "ನಾ ಜುಮ್ಮಾಕ್ಕೊಮ್ಮೆ ಈದಿಗೊಮ್ಮೆ ಮುಸಲ್ಮಾನ ನೋಡ್ರಿ" ಅಂತ ಅವರೇ ನನ್ನ ಹತ್ತಿರ ಹೇಳಿದ್ದರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆಫೀಸಿನಲ್ಲಿ ಎಲ್ಲರಿಗೂ ಅವರು ಚಾಚಾ. ನನಗೂ ಚಾಚಾ.

ಊರು ವಿಜಯಪುರದ ಕಡೆ, ಮನೆ ಮುಂಬೈಯ ಜೋಗೇಶ್ವರಿಯಲ್ಲಿ. ಹಡಗಿನ ಸರಕು ಸಾಗಿಸುವ ಒಂದು ಕಂಪನಿಯ ಫೋರ್ಟ್ ಆಫೀಸಿನಲ್ಲಿ ಅಡ್ಮಿನ್ ನೋಡಿಕೊಳ್ಳುತ್ತಿದ್ದರು. ಅಂದರೆ ಕುರ್ಚಿ ಮುರಿದರೆ ಚಾಚಾ, ಏಸಿ ಸೋರಿದರೆ ಚಾಚಾ, ಪ್ಯಾಂಟ್ರಿಯ ಹಾಲು ಒಡೆದರೂ ಚಾಚಾ. ಆ ಹಳೇ ಕಟ್ಟಡ ಬಿಟ್ಟು ಕಂಪನಿ ಘಾಟ್ಕೋಪರ್‌ನ ಒಂದು ಗಾಜಿನ ಬಿಲ್ಡಿಂಗಿಗೆ ಹೋಗುವುದು ಅಂತಾಯಿತು. ಒಳಗಿನ ಕೆಲಸ ನಮ್ಮ ಪಾಲಿಗೆ ಬಂತು. ಕಂಪನಿಯ ಕಡೆಯಿಂದ ನನ್ನ ಜೊತೆ ಓಡಾಡಲು ಚಾಚಾನನ್ನು ಕೊಟ್ಟರು.

ಮೊದಲನೇ ದಿನ ಪ್ಲಾನ್ ಹರಡಿ ಎಲ್ಲ ವಿವರಿಸಿದೆ. ರಿಸೆಪ್ಷನ್ನಿನ ಹಿಂದೆ ಹಸಿರು ಗೋಡೆ ಬರ್ತದೆ, ಇಲ್ಲಿ ಕಾಫಿ ಕೌಂಟರ್, ಇಲ್ಲಿ ನಿಂತುಕೊಂಡೇ ಮೀಟಿಂಗ್ ಮಾಡುವ ಟೇಬಲ್. ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಆ ಮನುಷ್ಯ ಒಂದನ್ನೂ ನೋಡಲಿಲ್ಲ ಮಾರಾಯ್ರೆ. ಎಲ್ಲ ಮುಗಿದ ಮೇಲೆ ಹಿಂದಿಯಲ್ಲಿ ಮೆತ್ತಗೆ, ಇದರಲ್ಲಿ ನಾನೆಲ್ಲಿ ಕೂರುವುದು ಅಂತ ಕೇಳಿದರು. ಇದರಲ್ಲಿ ಯಾರಿಗೂ ಸ್ವಂತ ಕುರ್ಚಿ ಅಂತ ಇಲ್ಲ, ಬೆಳಿಗ್ಗೆ ಬಂದವರು ಖಾಲಿ ಕಂಡಲ್ಲಿ ಲ್ಯಾಪ್‌ಟಾಪ್ ತೆರೆಯುವುದು, ಈಗ ಎಲ್ಲ ಕಡೆ ಹೀಗೇ ಅಂದೆ. ಅವರ ಮುಖ ಇಳಿದೇ ಹೋಯಿತು. ನನಗೆ ರೇಗಿತು. ಅದು ನನ್ನ ಹುಟ್ಟುಗುಣ. ಎಂಥ ಸಾವು ಇವರದ್ದು ಅಂತ ಬಾಯೊಳಗೇ ಕನ್ನಡದಲ್ಲಿ ಗೊಣಗಿದೆ. ನಾನು ನಿಂತದ್ದು ಅವರ ಬಲಗಡೆ. ಪೂರ್ತಿ ಕೇಳಿಸಿತ್ತು.

"ಲೋಕಲ್ ರೈಲಿನಾಗ ಮಾಡಿದಂಗ ಆಫೀಸಿನಾಗೂ ಸೀಟ್ ಹಿಡೀಬೇಕೇನ್ರಿ ಮೇಡಂ?" ಅಂದರು, ಅಚ್ಚ ಕನ್ನಡದಲ್ಲಿ.

ನಾನು ನಾಚಿ ನಕ್ಕುಬಿಟ್ಟೆ. ಅವರು ನಗಲಿಲ್ಲ. ತನಗೆ ಒಂದೇ ಒಂದು ಕುರ್ಚಿ ಬೇಕು, ಅದರ ಎಡಗಡೆ ಒಂದು ಗೋಡೆ ಇರಬೇಕು, ಬೇರೇನೂ ಬೇಡ ಅಂದರು. ಮುಂಬೈಯಲ್ಲಿ ಈ ಕೆಲಸ ಮಾಡುವವರಿಗೆ ಇಂಥ ಬೇಡಿಕೆ ಹೊಸದಲ್ಲ. ಒಬ್ಬರಿಗೆ ಈಶಾನ್ಯದಲ್ಲಿ ನೀರು ಬೇಕು, ಇನ್ನೊಬ್ಬರಿಗೆ ತಿಜೋರಿ ತೆಂಕಲಿಗೆ ಬೇಡ. ವಾಸ್ತುವಾ ಚಾಚಾ ಅಂತ ಕೇಳಿದೆ. ಹಂಗ ತಿಳ್ಕೋರಿ ಅಂದರು.

ಆಮೇಲೆ ಶುರುವಾಯಿತು ಇವರ ಕಾಟ. ನೆಲಕ್ಕೆ ಟೈಲ್ಸ್ ಬೇಡ, ಕಾರ್ಪೆಟ್ ಹಾಕಿ. ಸೀಲಿಂಗ್ ತೆಗೆದು ಪೈಪುಗಳನ್ನು ಬರಿದೇ ಬಿಡುವ ಫ್ಯಾಶನ್ ಬೇಡ, ಮುಚ್ಚಿ. ಗಾಜಿನ ಗೋಡೆಗೆ ಪರದೆ ಬೇಕು. ಖಾಲಿ ಹಾಲ್‌ನಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿ, ತಲೆ ಓರೆ ಮಾಡಿ, ಇದು ಭಾಳ ಒದರತದ ಅನ್ನುತ್ತಿದ್ದರು. ಪಗಾರ ಕೊಡುವ ಸಾಹೇಬರಿಗಿಲ್ಲದ ಚಿಂತೆ ಇವರಿಗೆ ಯಾಕೋ ಅಂತ ನನಗೆ ತಲೆಬಿಸಿ.

ಫೋರ್ಟ್‌ನಲ್ಲಿ ಒಂದು ಉಡುಪಿ ಹೋಟೆಲ್ ಉಂಟು. ನನ್ನ ಅಪ್ಪ ಬಹಳ ವರ್ಷ ಅಲ್ಲಿ ಗಲ್ಲಾದಲ್ಲಿ ಕೂತವರು. ಚಾಚಾ ಅಲ್ಲಿಯ ಹಳೇ ಗಿರಾಕಿ ಅಂತ ಗೊತ್ತಾದ ಮೇಲೆ ನಮ್ಮ ಅರ್ಧ ಮೀಟಿಂಗು ಅಲ್ಲೇ. ಗೋಡೆ ಪಕ್ಕದ ಟೇಬಲ್ ಖಾಲಿಯಾಗುವವರೆಗೆ ಹಸಿದರೂ ನಿಲ್ಲುವುದು. ಕೂತ ಮೇಲೂ ನನ್ನನ್ನು ಎಬ್ಬಿಸಿ ಜಾಗ ಬದಲಿಸುವುದು. ಬೀದಿಯಲ್ಲಿ ಹೋಗುವಾಗ ಥಟ್ಟನೆ ಬಂದು ನನ್ನ ಎಡಕ್ಕೆ ಸೇರಿಕೊಳ್ಳುವುದು. ಅದು ವಾಹನದ ಬದಿಯಾದ್ದರಿಂದ, ಹೆಂಗಸನ್ನು ಒಳಗೆ ಬಿಟ್ಟು ತಾನು ರಸ್ತೆ ಕಡೆ ನಡೆಯುವ ದೊಡ್ಡ ಮನುಷ್ಯ ಅಂದುಕೊಂಡೆ. ವಾಪಸ್ ಬರುವಾಗ ನೋಡಿದರೆ ಮತ್ತೆ ನನ್ನ ಎಡಕ್ಕೇ ಬಂದು, ಅಂಗಡಿ ಬದಿಯಲ್ಲಿ ತಾವು ಆರಾಮ ನಡೆಯುತ್ತಿದ್ದಾರೆ, ಟ್ಯಾಕ್ಸಿಗಳು ನನ್ನ ಮೊಣಕೈ ಸವರಿಕೊಂಡು ಹೋಗುತ್ತಿವೆ. ನನ್ನ ಅಭಿಪ್ರಾಯವೆಲ್ಲ ಅಲ್ಲೇ ಬಿದ್ದುಹೋಯಿತು.

ಇನ್ನೊಂದು ಅಭ್ಯಾಸ. ಏನು ಕೇಳಿದರೂ ಆ ಪ್ರಶ್ನೆಯನ್ನೇ ಒಮ್ಮೆ ತಿರುಗಿ ಹೇಳಿ ಆಮೇಲೆ ಉತ್ತರ ಕೊಡುವುದು. ಪಾರ್ಕಿಂಗ್ ಪಾಸ್ ಯಾವಾಗ ಸಿಗ್ತದೆ ಅಂದರೆ, ಪಾರ್ಕಿಂಗ್ ಪಾಸ್ ಯಾವಾಗ ಸಿಗತದ ಅಂದ್ರಿ, ಸೋಮವಾರ. ಆಫೀಸಿನ ಹುಡುಗರು ಇದನ್ನು ಅಣಕಿಸುತ್ತಿದ್ದರು. ದೊಡ್ಡವರು ಮಾತ್ರ, ಯೋಚಿಸಿ ಮಾತಾಡುವ ಮನುಷ್ಯ ಅಂತ ಮರ್ಯಾದೆ ಕೊಡುತ್ತಿದ್ದರು.

ನಿಜ ಏನು ಅಂತ ಗೊತ್ತಾದದ್ದು ಘಾಟ್ಕೋಪರ್ ಸೈಟಿನಲ್ಲಿ. ಒಂದು ಕಡೆ ಡ್ರಿಲ್ ಕೂಗುತ್ತಿತ್ತು. ಇಬ್ಬರು ಬಡಗಿಗಳು ಉದ್ದದ ಪ್ಲೈವುಡ್ ಹಲಗೆ ಹೊತ್ತು ಚಾಚಾನ ಎಡಗಡೆಯಿಂದ ಬರುತ್ತಿದ್ದರು, ಬಾಜೂ ಬಾಜೂ ಅಂತ ಕೂಗಿಕೊಂಡು. ಇವರು ಅಲ್ಲಾಡಲಿಲ್ಲ. ನಾನೂ ಆ ಕಡೆಯಿಂದಲೇ ಕೂಗಿದೆ. ಹಲಗೆಯ ಮೂಲೆ ಇನ್ನೇನು ಕಿವಿಗೇ ಬಡಿಯಬೇಕು, ಓಡಿಹೋಗಿ ರಟ್ಟೆ ಹಿಡಿದು ಎಳೆದೆ. ಇಬ್ಬರೂ ಬಿದ್ದೆವು. ಎದ್ದು ಧೂಳು ಕೊಡವಿಕೊಳ್ಳುತ್ತ, ಕಿವಿ ಕೇಳಿಸುವುದಿಲ್ಲವಾ ನಿಮಗೆ ಅಂತ ನಾನು ಸಿಟ್ಟಿನಲ್ಲಿ ಬೈದದ್ದು. ಅವರು ಸುತ್ತ ನೋಡಿದರು. ಬಡಗಿಗಳು ಆಚೆ ಹೋಗಿದ್ದರು.

"ಎಡಗಿವಿ ಇಲ್ಲ ತಂಗಿ," ಅಂದರು. "ಯಾರ ಮುಂದೂ ಬಾಯಿ ಬಿಡಬ್ಯಾಡವಾ."

ಮೇಡಂ ಆಗಿದ್ದವಳು ಅವತ್ತಿನಿಂದ ತಂಗಿಯಾದೆ. ಸಿಮೆಂಟ್ ಚೀಲದ ಮೇಲೆ ಕೂತು ಎಲ್ಲ ಹೇಳಿದರು. ಸಣ್ಣವರಿದ್ದಾಗ ಮಂಗಬಾವು ಬಂದು, ಬಾವು ಇಳಿದು, ಕಿವಿ ಹೋಯಿತು. ನರವೇ ಸತ್ತಿದೆ, ಮಷೀನು ಹಾಕಿದರೂ ಉಪಯೋಗವಿಲ್ಲ ಅಂತ ಡಾಕ್ಟರು ಹೇಳಿದ್ದರಂತೆ. ಮುಂಬೈಗೆ ಬಂದು ಮೊದಲು ಸೇರಿದ ಬಟ್ಟೆ ಅಂಗಡಿಯಲ್ಲಿ ಕದ್ದುಮುಚ್ಚಿ ಮಾಡಲಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದರು. ಮಾಲೀಕ ಗಿರಾಕಿಗಳ ಮುಂದೆ ಕೆಪ್ಪ ಕೆಪ್ಪ ಅಂತ ಕರೆದು ಆಡಿಕೊಂಡು, ವಾರದೊಳಗೆ ಮನೆಗೆ ಕಳಿಸಿದ. ಅಲ್ಲಿಂದ ಈಚೆಗೆ ಯಾರಿಗೂ ಹೇಳಿಲ್ಲ. ಈ ಕಂಪನಿಯಲ್ಲಿ ಒಂದು ಮೂಲೆ ಹಿಡಿದು, ಎಡಕ್ಕೆ ಗೋಡೆ ಇಟ್ಟುಕೊಂಡು, ಲೋಕವನ್ನೆಲ್ಲ ಬಲಕ್ಕೆ ಕೂಡಿಸಿಕೊಂಡು ನಡೆಸಿಕೊಂಡು ಬಂದಿದ್ದಾರೆ.

ಈಗ ಯಾಕೆ ಹೆದರಿಕೆ, ಇಷ್ಟು ಹಳಬರನ್ನು ತೆಗೆಯುತ್ತಾರಾ ಅಂತ ಕೇಳಿದೆ. ಹೊಸ ಸಾಹೇಬ ದೆಹಲಿಯಿಂದ ಬಂದವನು, ಹಳಬರನ್ನು ಒಬ್ಬೊಬ್ಬರನ್ನಾಗಿ ಕರೆದು ವಿಶ್ರಾಂತಿ ತಗೊಳ್ಳಿ ಅನ್ನುತ್ತಿದ್ದಾನೆ, ಕಾರಣ ಸಿಕ್ಕರೆ ಸಾಕು ಅನ್ನುವ ಹಾಗಿದ್ದಾನೆ ಅಂದರು. ಮನೆಯಲ್ಲಿ ಹೆಂಡತಿಯ ಕಿಡ್ನಿ ಹೋಗಿದೆ. ಡಯಾಲಿಸಿಸ್ ನಡೆಯುವುದು ಕಂಪನಿಯ ಮೆಡಿಕಲ್ ಇನ್ಶೂರೆನ್ಸಿನಲ್ಲಿ.

"ಕಿವಿ ಹೋದ್ರ ಕಿವಿ ಹೋತು," ಅಂದರು. "ನೌಕರಿ ಹೋದ್ರ ಅಕಿ ಹೋಗತಾಳ."

ನನಗೆ ಆವತ್ತಿನಿಂದ ನೆಮ್ಮದಿ ಹೋಯಿತು. ಬೇರೆಯವರ ಗುಟ್ಟು ಇಟ್ಟುಕೊಳ್ಳುವ ಹೊಟ್ಟೆ ನನ್ನದಲ್ಲ. ಮೀಟಿಂಗಿನಲ್ಲಿ ಯಾರಾದರೂ ಅವರ ಎಡಕ್ಕೆ ಹೋಗಿ ಕೂತರೆ ನನಗೆ ಬೆವರು. ಯಾರಾದರೂ ಆ ಕಡೆಯಿಂದ ಏನಾದರೂ ಕೇಳಿದರೆ, ಉತ್ತರ ಬರುವ ತನಕ ನನ್ನ ಉಸಿರು ನಿಂತಿರುತ್ತಿತ್ತು. ಅವರು ಇಡೀ ಜನ್ಮ ಹೀಗೆ ಬದುಕಿದ್ದಾರಲ್ಲ, ಹೇಗಪ್ಪಾ ಅಂತ ಅನಿಸುತ್ತಿತ್ತು.

ಕೈಲಾದದ್ದು ಮಾಡಿದೆ. ಕಾರ್ಪೆಟ್ ಹಾಕಿಸಿದೆ. ಗೋಡೆಗಳಿಗೆ ದಪ್ಪ ಬಟ್ಟೆಯ ಪ್ಯಾನೆಲ್ ಹಾಕಿ ಇದು ಈಗಿನ ಫ್ಯಾಶನ್ ಅಂತ ಸಾಹೇಬನಿಗೆ ಒಪ್ಪಿಸಿದೆ. ಅಡ್ಮಿನ್ನಿಗೆ ಸ್ವಂತ ಕುರ್ಚಿ ಬೇಕು ಅಂತ ಕೇಳಿ ನೋಡಿದೆ, ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳ್ತಾರೆ ಅಂದ. ಕಡೆಗೆ ಸ್ಟೋರ್ ರೂಮಿನ ಬಾಗಿಲ ಬಳಿಯ ಮೂಲೆಯಲ್ಲಿ, ಎಡಕ್ಕೆ ಗಟ್ಟಿ ಗೋಡೆ ಬರುವ ಹಾಗೆ ಒಂದು ಕುರ್ಚಿ ಬರೆದು, ಸಾಮಾನು ಕೊಟ್ಟು ತೆಗೆದುಕೊಳ್ಳುವ ಜಾಗ ಅಂತ ಹೆಸರಿಟ್ಟೆ. ಮೊದಲಿಗೆ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಚಾಚಾ ಪ್ಲಾನಿನಲ್ಲಿ ಆ ಮೂಲೆಯ ಮೇಲೆ ಬೆರಳಿಟ್ಟು ಸುಮಾರು ಹೊತ್ತು ನಿಂತಿದ್ದರು.

ಕಡೆಗೆ ಕಣ್ಣಿಗೆ ಬಿದ್ದದ್ದು ಎಚ್‌ಆರ್ ಮೇಡಂಗೆ. ಈ ಹೆಂಗಸಿನ ಬಗ್ಗೆ ನಾನು ಕೆಟ್ಟದ್ದು ಹೇಳಲಾರೆ. ಎಲ್ಲರ ಹುಟ್ಟಿದ ದಿನ ನೆನಪಿಟ್ಟು ಕೇಕ್ ತರಿಸುವ ಪಾಪದ ಜೀವ. ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, ದನಿ ಇಳಿಸಿ, ತನಗೆ ಎಲ್ಲ ಅರ್ಥವಾಗಿದೆ ಅಂದಳು. ಕಿವಿಯ ವಿಷಯ ಗೊತ್ತಾಯಿತು ಅಂದುಕೊಂಡೆ. ಅವಳು ಹೇಳಿದ್ದು ಬೇರೆಯೇ. ಚಾಚಾ ಫೋರ್ಟ್ ಆಫೀಸಿನಲ್ಲೂ ಮೂಲೆ, ಇಲ್ಲೂ ಮೂಲೆ ಕೇಳಿದ್ದಾರೆ. ಎರಡೂ ಕಡೆ ಮುಖ ಪಡುವಣಕ್ಕೆ. ಪಡುವಣ ಅಂದರೆ ಕಾಬಾದ ದಿಕ್ಕಲ್ಲವಾ? ಪಾಪ, ನಮಾಜಿಗೆ ಒಂದು ಮೂಲೆ ಬೇಕು ಅಂತ ಬಾಯಿ ಬಿಟ್ಟು ಕೇಳಲು ಇಷ್ಟು ವರ್ಷ ಸಂಕೋಚಪಟ್ಟಿದ್ದಾರೆ, ನಾವು ಅದನ್ನು ಅರ್ಥ ಮಾಡಿಕೊಳ್ಳಲಿಲ್ಲವಲ್ಲ ಅಂತ ಅವಳ ಕಣ್ಣಲ್ಲಿ ನೀರು.

ನಾನು ಏನಂತ ಹೇಳಲಿ? ಹಾಗಲ್ಲ ಅಂದರೆ ಮತ್ತೆ ಹೇಗೆ ಅಂತ ಹೇಳಬೇಕು.

ಮುಂದಿನ ಮೀಟಿಂಗಿನಲ್ಲಿ ಅವಳೇ ಎದ್ದು ನಿಂತು ಘೋಷಿಸಿದಳು. ಹೊಸ ಆಫೀಸಿನಲ್ಲಿ ಒಂದು ಪ್ರಾರ್ಥನಾ ಕೋಣೆ. ನೆಲಕ್ಕೆ ಜಮಖಾನ, ಮೆದು ಬೆಳಕು, ಕಾಲು ತೊಳೆಯಲು ನಲ್ಲಿ. ಎಲ್ಲಿ ಅಂದರೆ ಚಾಚಾ ಇಷ್ಟಪಟ್ಟ ಆ ಮೂಲೆಯಲ್ಲೇ. ನಾನು ಕಷ್ಟಪಟ್ಟು ಉಳಿಸಿಕೊಂಡ ಕುರ್ಚಿ ತೆಗೆದು ಅಲ್ಲೇ ಕಟ್ಟುವುದು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಾಚಾ ಎಂದಿನಂತೆ ಮಾತನ್ನು ತಿರುಗಿ ಹೇಳಿದರು, ನನಗೆ ನಮಾಜಿನ ಕೋಣೆ ಅಂದಿರಿ ಅಂತ. ಆಮೇಲೆ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು. ಅವರು ಸಂತೋಷದಲ್ಲಿ ಮೂಕರಾದರು ಅಂತ ಎಲ್ಲರೂ ತಿಳಿದರು.

ಲಿಫ್ಟಿನ ಹತ್ತಿರ ಸಿಕ್ಕಾಗ ಬೇಡ ಅಂತ ಹೇಳಬಾರದಾಗಿತ್ತಾ ಅಂತ ನಾನು ರೇಗಿದೆ. "ನಮಾಜಿಗಲ್ಲ ಅಂದ್ರ ಮತ್ತ್ಯಾತಕ್ಕ ಅಂತ ಕೇಳತಾರ ತಂಗಿ. ದಿನಮಾನನೂ ಹಿಂಗದಾವು. ಬೇಕಂದ್ರ ಒಂದು ಅರ್ಥ ಹಚ್ಚತಾರ, ಬ್ಯಾಡಂದ್ರ ಇನ್ನೊಂದು," ಅಂದು ಲಿಫ್ಟಿನೊಳಗೆ ಹೋದರು. ಒಳಗೂ ಹೋಗಿ ಎಡಬದಿಯ ಗೋಡೆಗೆ ಅಂಟಿ ನಿಂತರು.

ಹೊಸ ಆಫೀಸು ಶುರುವಾಯಿತು. ನೋಡಲು ಚೆಂದವೇ. ಆದರೆ ಚಾಚಾಗೆ ಅದು ದಿನಾ ಪರೀಕ್ಷೆ. ಹಾಲ್‌ನಲ್ಲಿ ಒಂದು ದಪ್ಪ ಕಂಬ ಉಂಟು. ಅದರ ಬಲಕ್ಕಿರುವ ಸೀಟು ಸಿಕ್ಕಿದರೆ ಎಡಗಡೆ ಹೇಗೋ ಮುಚ್ಚಿಹೋಗುತ್ತದೆ. ಅದನ್ನು ಹಿಡಿಯಲು ಎಲ್ಲರಿಗಿಂತ ಮೊದಲು ಬರಬೇಕು. ಜೋಗೇಶ್ವರಿಯಿಂದ ಲೋಕಲ್, ಅಂಧೇರಿಯಲ್ಲಿ ಇಳಿದು ಮೆಟ್ರೋ. ಒಂದು ರೈಲು ತಡವಾದರೆ ಆ ಸೀಟು ಯಾರದೋ ಪಾಲಾಯಿತು, ಅವತ್ತಿಡೀ ನಡುಹಾಲ್‌ನಲ್ಲಿ ಕೂತು, ತುಟಿ ಅಲ್ಲಾಡಿದವರ ಮುಖವನ್ನೆಲ್ಲ ಗಾಬರಿಯಿಂದ ನೋಡುವುದು. ಸಣ್ಣಪುಟ್ಟ ದುರಸ್ತಿಗೆ ಹೋದಾಗ ನಾನೇ ಕಣ್ಣಾರೆ ಕಂಡಿದ್ದೇನೆ. ನೋಡಲಾಗದೆ ಬೇಗ ಹೊರಟುಬರುತ್ತಿದ್ದೆ.

ಸಾಲದ್ದಕ್ಕೆ ಈ ಭಕ್ತಿಯ ಡ್ಯೂಟಿ ಬೇರೆ. ಕೋಣೆ ಕಟ್ಟಿದ್ದೇ ಅವರ ಹೆಸರಿನಲ್ಲಿ. ಹೋಗದಿದ್ದರೆ, ಚಾಚಾ ರೂಮು ಸರಿಯಿಲ್ಲವಾ ಅಂತ ಎಚ್‌ಆರ್ ಮೇಡಂ ಬಂದು ಕೇಳುತ್ತಾಳೆ. ಹೊರಗಿನಿಂದ ಅತಿಥಿಗಳು ಬಂದರೆ ಅವರನ್ನೇ ಕರೆದು ಪರಿಚಯಿಸುತ್ತಾಳೆ. ನಮಾಜಿನ ಹೊತ್ತು ತಪ್ಪದಿರಲಿ ಅಂತ ಚಾಚಾ ಮೊಬೈಲಿನಲ್ಲಿ ಆ್ಯಪ್ ಹಾಕಿಸಿಕೊಂಡರು. ಒಳಗೆ ಹೋಗಿ ಏನು ಮಾಡ್ತೀರಿ ಅಂತ ಒಮ್ಮೆ ತಮಾಷೆ ಮಾಡಿದೆ. ಮೊದಮೊದಲು ಸುಮ್ಮನೆ ಕೂತು ಬರುತ್ತಿದ್ದರಂತೆ. ಹಾಗೆ ಕೂರಲು ದೇವರ ಮುಂದೆ ನಾಚಿಕೆಯಾಗಿ ಓದಲು ಶುರು ಮಾಡಿದರಂತೆ. ಅಷ್ಟರಲ್ಲಿ ಸೆಕ್ಯೂರಿಟಿಯವರು, ಪ್ಯಾಂಟ್ರಿಯವನು, ಅಕೌಂಟ್ಸಿಗೆ ಹೊಸದಾಗಿ ಸೇರಿದ ಒಬ್ಬ ಹುಡುಗಿ, ಎಲ್ಲ ತಮ್ಮ ತಮ್ಮ ಹೊತ್ತಿಗೆ ಬರತೊಡಗಿದ್ದರು. ಮೊದಲು ಅವರು ಮೆಟ್ಟಿಲ ಕೆಳಗೆ, ಗಾಡಿ ನಿಲ್ಲಿಸುವಲ್ಲಿ ಪೇಪರ್ ಹಾಸಿ ನಮಾಜು ಮಾಡುತ್ತಿದ್ದವರು. ಆ ಹುಡುಗಿ ಒಮ್ಮೆ ಚಾಚಾಗೆ, ನಿಮ್ಮಿಂದ ನಮಗೆ ಜಾಗ ಸಿಕ್ಕಿತು ಅಂದಳಂತೆ. ಅದನ್ನು ನನಗೆ ಹೇಳುವಾಗ ಅವರ ಮುಖದಲ್ಲಿ ಹೆಮ್ಮೆಯೂ ಇತ್ತು, ಕಳವಳವೂ ಇತ್ತು.

ಹೆಂಡತಿಯನ್ನು ಆಸ್ಪತ್ರೆಗೆ ಮುಟ್ಟಿಸಿ ಬಂದ ದಿನ ಊಟದ ಹೊತ್ತಿನಲ್ಲಿ ಅವರು ಆ ಕೋಣೆಯಲ್ಲೇ ಸ್ವಲ್ಪ ಅಡ್ಡಾಗುತ್ತಿದ್ದರು. ಅಂಥದ್ದೇ ಒಂದು ದಿನ, ನಾನು ಬಾಗಿಲಿನ ಸ್ಪ್ರಿಂಗ್ ಬದಲಿಸಲು ಜನ ಕರೆದುಕೊಂಡು ಹೋಗಿದ್ದಾಗ, ಮುನ್ಸೂಚನೆ ಇಲ್ಲದೆ, ಬೆಂಕಿ ಬಿದ್ದರೆ ಹೊರಗೋಡುವ ಡ್ರಿಲ್ ಮಾಡಿಸಿದರು. ಸೈರನ್ ಕೂಗಿತು. ಎಲ್ಲರೂ ಮೆಟ್ಟಿಲಿಳಿದು ಕೆಳಗೆ ಗೇಟಿನ ಬಳಿ ಸೇರಿದೆವು. ತಲೆ ಎಣಿಸಿದರು. ಚಾಚಾ ಇಲ್ಲ.

ಡ್ರಿಲ್ ಅಂತ ಗೊತ್ತಿದ್ದೂ ನನಗೆ ಇದು ನಿಜವಾದ ಬೆಂಕಿಯಾಗಿದ್ದರೆ ಅಂತ ಒಂದೇ ಯೋಚನೆ. ಸೆಕ್ಯೂರಿಟಿಯವನು ಮೇಲೆ ಹೋಗಿ ಅವರನ್ನು ಕರೆದುಕೊಂಡು ಬಂದ. ಕಣ್ಣು ಕೆಂಪು, ಶರ್ಟು ಮುದುಡಿತ್ತು, ಕೈಯಲ್ಲಿ ಚಪ್ಪಲಿ. ಬಲಗಿವಿಯನ್ನು ತೋಳಿಗೆ ಒತ್ತಿ ಮಲಗಿದ್ದಾರೆ, ಪ್ರಪಂಚವೇ ಬಂದ್ ಆಗಿದೆ ಅಂತ ನನಗೆ ನೋಡಿದ ಕೂಡಲೇ ಗೊತ್ತಾಯಿತು. ಅವರು ಬಾಯಿ ತೆರೆಯುವ ಮೊದಲೇ ಎಚ್‌ಆರ್ ಮೇಡಂ, ನಮಾಜಿನಲ್ಲಿದ್ದರು, ನಡುವೆ ಬಿಟ್ಟು ಹೇಗೆ ಬರ್ತಾರೆ ಅಂದಳು. ಚಾಚಾ ಬಗ್ಗಿ ಚಪ್ಪಲಿ ಹಾಕಿಕೊಳ್ಳತೊಡಗಿದರು. ಸೇಫ್ಟಿ ಆಫೀಸರ್, ಮಿಲಿಟರಿಯಿಂದ ನಿವೃತ್ತನಾಗಿ ಬಂದವನು, ಅವರನ್ನು ಮೇಲಿಂದ ಕೆಳಗೆ ನೋಡಿದ.

ಮರುದಿನ ವಿಚಾರಣೆಗೆ ನನ್ನನ್ನೂ ಕರೆದರು, ಕೋಣೆ ನಾನು ಮಾಡಿದ್ದಲ್ಲವಾ? ಒಳಗೆ ಸೈರನ್ ಕೇಳಿಸುತ್ತದೋ ಇಲ್ಲವೋ ಅಂತ ಬಾಗಿಲು ಹಾಕಿ ಪರೀಕ್ಷೆ ಮಾಡಿದರು. ಕಿವಿ ಹರಿಯುವಷ್ಟು ಕೇಳಿಸಿತು. ಹಾಗೆ ನನ್ನ ತಲೆಯೇನೋ ಉಳಿಯಿತು. ಸಿಕ್ಕಿಬಿದ್ದವರು ಚಾಚಾ.

ಕಾನ್ಫರೆನ್ಸ್ ರೂಮಿನಲ್ಲಿ ಐದೇ ಜನ. ಉದ್ದ ಟೇಬಲಿನ ಈಚೆ ಒಬ್ಬರೇ ಚಾಚಾ. ಎದುರು ಎಚ್‌ಆರ್ ಮೇಡಂ, ಚಾಚಾನ ಬಲಕ್ಕೆ ಸೇಫ್ಟಿ ಆಫೀಸರ್. ಸಾಹೇಬ ಕೂರದೆ ಓಡಾಡುತ್ತಿದ್ದ. ನಾನು ಬಾಗಿಲ ಹತ್ತಿರ. ಚಾಚಾನ ಕೈಯಲ್ಲಿ ಕರವಸ್ತ್ರ, ಅದನ್ನು ಮಡಚುವುದು ಬಿಚ್ಚುವುದು. ಸಾಹೇಬ ಒರಟು ಮಾತಾಡಲಿಲ್ಲ. ನಮಾಜಿನಲ್ಲಿದ್ದೆ, ಇನ್ನು ಹೀಗಾಗುವುದಿಲ್ಲ ಅಂತ ಒಂದು ಮಾತು ಹೇಳಿಬಿಡಿ, ಇಲ್ಲಿಗೆ ಮುಗಿಸೋಣ ಅಂದ. ಎಚ್‌ಆರ್ ಮೇಡಂ ಹೇಳಿ ಹೇಳಿ ಅನ್ನುವಂತೆ ತಲೆಯಾಡಿಸಿದಳು. ಎಷ್ಟು ಸುಲಭ ನೋಡಿ. ಹೇಳಿಬಿಡಿ ಚಾಚಾ ಅಂತ ನನ್ನ ಮನಸ್ಸೂ ಕೂಗುತ್ತಿತ್ತು.

ಆಗ ಸೇಫ್ಟಿ ಆಫೀಸರ್, ಹಾಗಾದರೆ ಇವತ್ತಿನಿಂದ ಆ ಕೋಣೆಗೆ ಬೀಗ ಹಾಕಬೇಕು ಅಂದ. ಇವರ ಜನಕ್ಕೆ ಬೆಂಕಿಗಿಂತ ನಮಾಜು ದೊಡ್ಡದು, ನಾಳೆ ಯಾರಾದರೂ ಸತ್ತರೆ ಉತ್ತರ ಕೊಡಬೇಕಾದವನು ನಾನು ಅಂದ. ಅವನು ಕೂತದ್ದು ಬಲಗಡೆ. ಚಾಚಾಗೆ ಪ್ರತಿ ಅಕ್ಷರವೂ ಕೇಳಿಸಿತು.

ಕರವಸ್ತ್ರ ಟೇಬಲಿನ ಮೇಲಿಟ್ಟರು. ಮಾತಾಡಿದ್ದು ಹಿಂದಿಯಲ್ಲೇ, ನನ್ನ ನೆನಪಿನಲ್ಲಿ ಮಾತ್ರ ಅದು ಅವರ ಕನ್ನಡದಲ್ಲೇ ಉಳಿದಿದೆ.

"ನಾ ನಮಾಜ್ ಮಾಡಾಕ ಹತ್ತಿರಲಿಲ್ಲ ಸಾಹೇಬ್ರ. ಮಲಗಿದ್ದೆ. ನನಗ ಎಡಗಿವಿ ಇಲ್ಲ, ಸಣ್ಣಾವಿದ್ದಾಗಿಂದ ಇಲ್ಲ. ಬಲಗಿವಿ ಕೈಮ್ಯಾಲ ಇಟ್ಟಿದ್ದೆ, ಕೇಳಲಿಲ್ಲ. ಇದು ನನ್ನ ಕಿವಿ ತಪ್ಪು. ನಮಾಜಿಂದಲ್ಲ, ಆ ರೂಮಿಗೆ ಬರೋ ಹುಡುಗರದಲ್ಲ. ರೂಮಿಗೆ ಕೀಲಿ ಹಾಕಬ್ಯಾಡ್ರಿ."

ಹೇಳಿ ಮುಗಿಯಿತು. ಇಷ್ಟು ವರ್ಷ ಜೀವದ ಹಾಗೆ ಕಾಪಾಡಿದ್ದನ್ನು ಎರಡು ಗಳಿಗೆಯಲ್ಲಿ ಟೇಬಲಿನ ಮೇಲೆ ಇಟ್ಟುಬಿಟ್ಟರು. ನನಗೆ ಅವರ ಹೆಂಡತಿಯ ಮುಖ ಕಣ್ಣ ಮುಂದೆ ಬಂತು. ನಾನು ಅವರನ್ನು ಒಂದೇ ಸಲ ನೋಡಿದ್ದು, ಹಸಿರು ಸೆರಗು ಹೊದ್ದು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು.

ಯಾರೂ ನಂಬಲಿಲ್ಲ. ಅದೇ ದೊಡ್ಡ ಅನ್ಯಾಯ. ಎಚ್‌ಆರ್ ಮೇಡಂ, ಇಷ್ಟು ವರ್ಷದಲ್ಲಿ ನಮಗೊಬ್ಬರಿಗೂ ಗೊತ್ತಾಗದೆ ಇರ್ತದಾ ಚಾಚಾ ಅಂದಳು. ನೀವು ಎಲ್ಲರ ಮಾತೂ ಕೇಳಿಸಿಕೊಂಡು ಉತ್ತರ ಕೊಡ್ತೀರಲ್ಲ ಅಂದಳು. ಕೋಣೆ ಉಳಿಸಲು ಕತೆ ಕಟ್ಟುತ್ತಿದ್ದಾರೆ ಅಂತ ಸೇಫ್ಟಿ ಆಫೀಸರ್ ಬಾಯಿ ಬಿಟ್ಟೇ ಹೇಳಿದ. ನಾನು ತಡೆಯಲಾರದೆ, ನಿಜ, ನನಗೆ ಗೊತ್ತುಂಟು, ಸೈಟಿನಲ್ಲಿ ಹಲಗೆ ಬಡಿಯುವುದಿತ್ತು ಅಂತ ಶುರು ಮಾಡಿದೆ. ನಿಮ್ಮನ್ನು ಕೇಳಲಿಲ್ಲ ಅಂತ ಅವನೇ ತಡೆದ. ಚಾಚಾ ನನ್ನ ಕಡೆ ಕೈ ಅಡ್ಡ ಮಾಡಿದರು. ಮತ್ತೆ ಕರವಸ್ತ್ರ ಎತ್ತಿಕೊಂಡರು.

ಸಾಹೇಬ ನಿಧಾನಕ್ಕೆ ನಡೆದು ಚಾಚಾನ ಹಿಂದೆ, ಎಡಗಡೆಯ ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡುತ್ತ ನಿಂತ. ಏಸಿ ಗುಂಯ್ ಅನ್ನುತ್ತಿತ್ತು. ಕೆಳಗೆ ಮೆಟ್ರೋ ಹಾದುಹೋಯಿತು. ಕಿಟಕಿಯ ಕಡೆಗೇ ಮುಖ ಮಾಡಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದ.

"ಚಾಚಾ, ನಿಮ್ಮ ನೌಕರಿಗೆ ಏನೂ ಆಗುವುದಿಲ್ಲ. ಕೋಣೆಗೂ ಬೀಗ ಬೇಡ. ಮನೆಗೆ ಹೋಗಿ ಹೆಂಡತಿಗೆ ಧೈರ್ಯ ಹೇಳಿ."

ಎಚ್‌ಆರ್ ಮೇಡಂ ಮುಖ ಅರಳಿಸಿ ಚಾಚಾನನ್ನು ನೋಡಿದಳು. ಚಾಚಾ ಕೂತೇ ಇದ್ದರು. ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ, ತೊಡೆಯ ಮೇಲಿಟ್ಟು ಸವರಿ, ಹಣೆಯ ಬೆವರು ಒರೆಸಿಕೊಂಡು, ಶಿಕ್ಷೆ ಕೇಳಲು ಬಂದವರ ಹಾಗೆ ಎದುರಿನವರ ಬಾಯನ್ನೇ ನೋಡುತ್ತಿದ್ದರು. ಅವಳ ಮುಖದ ನಗು ಹಾಗೇ ನಿಂತು, ಆಮೇಲೆ ಇಳಿಯಿತು. ಸೇಫ್ಟಿ ಆಫೀಸರ್ ಒಮ್ಮೆ ಕಿಟಕಿಯ ಕಡೆ ನೋಡಿದ, ಒಮ್ಮೆ ಇವರನ್ನು ನೋಡಿದ, ತಲೆ ತಗ್ಗಿಸಿದ. ಉತ್ತರ ಬರದ್ದಕ್ಕೆ ಸಾಹೇಬ ತಿರುಗಿದ. ತಿರುಗಿದವನು ಅಲ್ಲೇ ನಿಂತ.

ನಾನೇ ಎದ್ದು ಹೋಗಿ ಅವರ ಬಲಗಡೆಯ ಕುರ್ಚಿ ಎಳೆದು ಕೂತೆ. ಚಾಚಾ, ನೌಕರಿ ಹೋಗುವುದಿಲ್ಲವಂತೆ, ಕೋಣೆಗೂ ಬೀಗ ಹಾಕುವುದಿಲ್ಲವಂತೆ ಅಂದೆ. ಅವರು ನನ್ನನ್ನು ನಂಬದವರ ಹಾಗೆ ನೋಡಿದರು.

"ಯಾವಾಗ ಅಂದ್ರು?"

"ಈಗಷ್ಟೇ."

ಅವರು ಕೂತಲ್ಲಿಂದ ಎದ್ದರು. ಕುರ್ಚಿ ಹಿಂದಕ್ಕೆ ಸರಿಸಿ, ಇಡೀ ಮೈ ತಿರುಗಿಸಿ, ಎಲ್ಲರ ಎದುರೇ ಬಲಗಿವಿಯ ಹಿಂದೆ ಅಂಗೈ ಇಟ್ಟು ಸಾಹೇಬನ ಕಡೆ ಬಾಗಿದರು.

"ಇನ್ನೊಮ್ಮೆ ಹೇಳ್ರಿ ಸಾಹೇಬ್ರ," ಅಂದರು. "ನನಗ ಕೇಳಲಿಲ್ಲ."